ಶಿವಕ್ಕನ ತುರುಬಿನ ಪದ

ವೀರಬಸಮ್ಮ ಬೈಯುವುದರಲ್ಲಿ ಹೆಸರು ಮಾಡಿದವಳು. ಹಾಗೆಂದು ಅವಳನ್ನು ಜಗಳಗಂಟಿ ಎಂದುಕೊಳ್ಳಬೇಡಿ. ಅವಳು ಬೈಯುತ್ತಿದ್ದುದು ರಾಗವಾಗಿ, ಅದೂ ಮದುವೆ ಮನೆಯಲ್ಲಿ, ಅದೂ ಎಲೆ ಅಡಿಕೆ ಕೊಟ್ಟು ಕರೆದರೆ ಮಾತ್ರ. ರಾಮದುರ್ಗದ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಬೀಗರು ಊಟಕ್ಕೆ ಕೂತ ಹೊತ್ತಿನಲ್ಲಿ ಎದುರು ನಿಂತು ಬೀಗರ ಪದ ಹಾಡುವುದಕ್ಕೆ ವೀರಬಸಮ್ಮನೇ ಬೇಕು. ಗಂಡಿನ ತಾಯಿ ಹೋಳಿಗೆಯನ್ನು ಸೆರಗಿಗೆ ಕಟ್ಟಿಕೊಂಡಳು, ಗಂಡಿನ ಸೋದರಮಾವ ಚಪ್ಪಲಿ ಕದಿಯಲಿಕ್ಕೇ ಬಸ್ಸು ಹತ್ತಿ ಬಂದ, ಹೀಗೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ಎಳೆಯಬೇಕು. ಹೆಸರಿಲ್ಲದೆ ಬೀಗರ ಪದ ನಿಲ್ಲುವುದಿಲ್ಲ. ಬೈಸಿಕೊಂಡವರು ಹೊಟ್ಟೆ ಹಿಡಿದುಕೊಂಡು ನಕ್ಕು, ತಮ್ಮ ಕಡೆಯವರಿಂದ ಎದುರು ಪದ ಹಾಡಿಸುತ್ತಿದ್ದರು. ಹೆಸರು ಬಿಟ್ಟುಹೋದವರೇ ಮುಖ ಊದಿಸಿಕೊಂಡು ಕೂರುತ್ತಿದ್ದರು.

ಈ ವಿದ್ಯೆಗೂ ಒಂದು ಕಟ್ಟುಪಾಡಿತ್ತು. ಕಲಿಸಿದ ದೊಡ್ಡವ್ವ ಮೊದಲ ದಿನವೇ ಹೇಳಿಕೊಟ್ಟಿದ್ದಳು. "ಇಲ್ಲದ್ದನ್ನ ಹಾಡಬೇಕು ನೋಡ ತಂಗಿ. ಕೈ ಉದ್ದ ಇದ್ದವನ ಮುಂದ ಕಳವಿನ ಪದಾ ಹಾಡಬ್ಯಾಡ. ಕಾಲ ಕುಂಟ ಇದ್ದವನ ಮುಂದ ಕಾಲಿನ ಸುದ್ದಿ ತಗೀಬ್ಯಾಡ. ಸುಳ್ಳ ಇದ್ದರ ಮಂದಿ ನಗತಾರ. ಖರೇ ಇತ್ತಂದರ ಅದು ಪದಾ ಅಲ್ಲ, ಚಾಡಿ." ಮೂವತ್ತು ವರ್ಷ ಹಾಡಿದರೂ ವೀರಬಸಮ್ಮ ಈ ಗೆರೆ ದಾಟಿದವಳಲ್ಲ. ಹಾಡುವ ಮುಂಚೆ ಅಡುಗೆಮನೆಯಲ್ಲಿ ಸುತ್ತಾಡಿ, ಬೀಗರ ಪೈಕಿ ಯಾರಿಗೆ ಏನು ಕೊರತೆ ಎಂದು ಕೇಳಿ ತಿಳಿದುಕೊಂಡು, ಆ ಸುದ್ದಿಯನ್ನು ಬಿಟ್ಟು ಬೇರೆಯದನ್ನು ಕಟ್ಟುತ್ತಿದ್ದಳು.

ಗಂಡ ಮುರುಗೆಪ್ಪ ಮಾಸ್ತರರು ತೀರಿಕೊಂಡ ಮೇಲೆ ಅವಳು ಅಮೆರಿಕದ ಸೀಕಾಕಸ್‌ಗೆ ಬಂದು ಮಗ ಬಸವಪ್ರಸಾದನ ಮನೆ ಸೇರಿದಳು. ಮಗಳು ನಂದಾ ಅಷ್ಟರಲ್ಲಿ ಮ್ಯಾನ್‌ಹಟನ್ನಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದಳು. ಅವಳಿಗೆ ಗಂಡು ಗೊತ್ತಾದದ್ದೂ ಇಲ್ಲೇ, ಹಿಕ್ಸ್‌ವಿಲ್‌ನ ಬಸವಕಿರಣ. ಅವನ ತಾಯಿ ಶಿವಕ್ಕ ಗದಗಿನ ಕಡೆಯವಳು, ಮಗನ ಜೊತೆಗೇ ಇದ್ದಳು. ನಿಶ್ಚಯದ ದಿನ ವೀರಬಸಮ್ಮನ ಕಣ್ಣಿಗೆ ಮೊದಲು ಬಿದ್ದದ್ದು ಆ ಬೀಗತಿಯ ತುರುಬು. ಬಿಚ್ಚಿದರೆ ಮೊಣಕಾಲು ಮುಟ್ಟುವ ಕೂದಲಂತೆ. ಕಟ್ಟಿದರೆ ಕತ್ತಿನ ಹಿಂದೆ ದೊಡ್ಡ ತೆಂಗಿನಕಾಯಿಯಷ್ಟು. ಅವತ್ತು ರಾತ್ರಿಯೇ ಅವಳ ತಲೆಯಲ್ಲಿ ಪದ ಕೂತಿತು. ಇಷ್ಟು ಚೆಂದದ ಸುಳ್ಳು ಅವಳಿಗೆ ಹಿಂದೆ ಯಾವತ್ತೂ ಹೊಳೆದಿರಲಿಲ್ಲ.

ಬೀಗತಿ ಬಂದಾಳ ನೋಡ, ಶಿವಕ್ಕ ಬಂದಾಳ ನೋಡ
ತುರುಬ ದೊಡ್ಡದ ಮಾಡಿ ಬಂದಾಳ
ಸಂತ್ಯಾಗ ಕೊಂಡ ತುರುಬ, ಉದ್ರಿ ಹೇಳಿ ತಂದ ತುರುಬ
ಗಾಳಿ ಬಂದರ ಕೈಯಾಗ ಹಿಡದಾಳ

ಆದರೆ ಹಾಡುವ ಯೋಗ ಬರಲಿಲ್ಲ. ಮದುವೆ ಹೋಟೆಲಿನ ಹಾಲ್‌ನಲ್ಲಿ, ಡಿಜೆ ಇಟ್ಟು. ಹಿಂದಿನ ದಿನ ನಂದಾ ಬಂದು ಕೈ ಹಿಡಿದುಕೊಂಡಳು. "ಅವ್ವಾ, ಪ್ಲೀಸ್, ಆ ಬೈಗುಳದ ಪದಾ ಬ್ಯಾಡ. ಇವರ ಆಫೀಸಿನವರೆಲ್ಲಾ ಬರತಾರ. ನಮ್ಮತ್ತಿ ಭಾಳ ಸಾಫ್ಟ್, ಮನಸಿಗಿ ಹಚ್ಚಿಕೊಂಡರ?" ವೀರಬಸಮ್ಮ ಹೂಂ ಎಂದಳು. ಊರೆಲ್ಲರ ಮಕ್ಕಳ ಮದುವೆಯಲ್ಲಿ ಹಾಡಿ, ತನ್ನ ಮಗಳ ಮದುವೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಪನೀರು ಬೆಣ್ಣೆ ತಿಂದು ಎದ್ದಳು. ಬೇಡವೆಂದವಳು ಮಗಳೇ ಆದರೂ ಸಿಟ್ಟು ಹೋಗಿ ಕೂತದ್ದು ಬೀಗತಿಯ ಮೇಲೆ. ಮಗಳ ಮೇಲೆ ಸಿಟ್ಟು ಮಾಡಿಕೊಂಡು ಎಷ್ಟು ದಿನ ಇರಲಿಕ್ಕಾಗುತ್ತದೆ? ಬೀಗತಿಯ ಮೇಲಾದರೆ ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದು.

ನಂದಾಳಿಗೆ ಮಗ ಹುಟ್ಟಿದಾಗ ಬಾಣಂತನಕ್ಕೆಂದು ವೀರಬಸಮ್ಮ ಹಿಕ್ಸ್‌ವಿಲ್‌ಗೆ ಹೋಗಿ ನಿಂತಳು. ಮನೆ ಚಿಕ್ಕದು, ಇಬ್ಬರು ಬೀಗತಿಯರಿಗೂ ಸೇರಿ ಒಂದೇ ಕೋಣೆ. ಒಂದು ಬೆಳಿಗ್ಗೆ ಶಿವಕ್ಕ ಸ್ನಾನ ಮುಗಿಸಿ ಬಂದು ಬಾಗಿಲ ಚಿಲಕ ಹಾಕಿದಳು, ಮಂಚದ ತುದಿಯಲ್ಲಿ ಕೂತು ತಲೆಗೆ ಸುತ್ತಿದ್ದ ಟವೆಲ್ಲು ತೆಗೆದಳು. ಥೈರಾಯ್ಡಿಗೋ ಇಲ್ಲಿನ ನೀರಿಗೋ, ಆ ಕೂದಲೆಲ್ಲ ಉದುರಿ ಹೋಗಿತ್ತು. ನೆತ್ತಿಯಲ್ಲಿ ಚರ್ಮ ಕಾಣುತ್ತಿತ್ತು, ಹಿಂದೆ ಬೆರಳು ದಪ್ಪದ ಒಂದು ಜುಟ್ಟು. ಪಕ್ಕದಲ್ಲಿ ಸುಳ್ಳು ಕೂದಲಿನ ಚೌರಿ ಗಂಟು ಕಟ್ಟಿ ಇಟ್ಟಿದ್ದಳು.

"ತೋಳು ಹಿಡಕೊಂಡೈತ್ರಿ, ಹಿಂದ ಕೈ ಹೋಗವಲ್ದು," ಎಂದಳು ಶಿವಕ್ಕ, ತಲೆ ಎತ್ತದೆ. "ಪಿನ್ನು ಹಾಕತೀರೇನ? ಕಿರಣಗೂ ಗೊತ್ತಿಲ್ಲರಿ. ನಂದಾಗಂತೂ ಗೊತ್ತಾಗೂದ ಬ್ಯಾಡ."

ವೀರಬಸಮ್ಮ ಪಿನ್ನು ಹಾಕಿದಳು. ಬಾಣಂತನ ಮುಗಿಯುವವರೆಗೂ ದಿನಾ ಹಾಕಿದಳು. ಆಮೇಲೂ ಹಿಕ್ಸ್‌ವಿಲ್‌ಗೆ ಹೋದಾಗಲೆಲ್ಲ ಆ ಕೆಲಸ ಅವಳದೇ. ಬಾಗಿಲು ಹಾಕಿದ ಆ ಕೋಣೆಯಲ್ಲಿ ಇಬ್ಬರೂ ಊರಿನ ಸುದ್ದಿ, ಮಂಡಿನೋವು, ಸೊಸೆಯರ ಸುದ್ದಿ ಎಲ್ಲ ಮಾತಾಡುತ್ತಿದ್ದರು. ಹಳೇ ಸಿಟ್ಟು ಇದರಿಂದ ಕರಗಿಯೇ ಹೋಯಿತು ಎಂದು ಹೇಳಿದರೆ ಅದು ನನ್ನ ಸುಳ್ಳಾಗುತ್ತದೆ. ಮೊಮ್ಮಗ ಶಿವ್‌ ಮಾತು ಕಲಿತ ಮೇಲೆ ಶಿವಕ್ಕನನ್ನು ಬರೀ "ಅಜ್ಜಿ" ಎಂದ, ಇವಳನ್ನು "ಸೀಕಾಕಸ್ ಅಜ್ಜಿ" ಎಂದ. ಅಜ್ಜಿ ಎಂದರೆ ಅವಳೊಬ್ಬಳೇ, ತಾನು ರೈಲು ಸ್ಟೇಷನ್ನಿನ ಹೆಸರು ಹೊತ್ತುಕೊಂಡು ತಿರುಗುವವಳು ಎಂದು ವೀರಬಸಮ್ಮನಿಗೆ ಒಳಗೊಳಗೇ ಕುಟುಕುತ್ತಿತ್ತು.

ಆ ಫ್ರೆಂಚ್ ಹುಡುಗಿ ಬಂದದ್ದು ಇಂಥ ದಿನಗಳಲ್ಲಿ. ಬಸವಪ್ರಸಾದ ಮನೆಯ ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡುತ್ತಿದ್ದ. ಚಳಿಗಾಲ ಮುಗಿಯುವ ಹೊತ್ತಿಗೆ ಒಡೀಲ್ ಎಂಬವಳು ಒಂದು ಕೀಬೋರ್ಡು, ಎರಡು ಸೂಟ್‌ಕೇಸು ತಂದು ಇಳಿದಳು. ಅವಳು ಹಾಡುಗಾರ್ತಿ, ಮೊದಲ ಆಲ್ಬಮ್ಮು ಅವಳ ದೇಶದಲ್ಲೆಲ್ಲ ಭರ್ಜರಿಯಾಗಿ ಓಡಿತ್ತು. ಬಿಟ್ಟುಹೋದ ಗೆಳೆಯನ ಮೇಲೆ ಕಟ್ಟಿದ ಹಾಡುಗಳಂತೆ. ಕಷ್ಟವೆಂದರೆ ಇದ್ದಬದ್ದ ದುಃಖವನ್ನೆಲ್ಲ ಆ ಒಂದರಲ್ಲೇ ಖರ್ಚು ಮಾಡಿಬಿಟ್ಟಿದ್ದಳು. ಎರಡನೆಯ ಆಲ್ಬಮ್ಮು ಎಲ್ಲಿ ಎಂದು ಕಂಪನಿಯವರು ಜೀವ ತಿನ್ನುತ್ತಿದ್ದರು, ಇವಳಿಗೆ ಒಂದು ಸಾಲೂ ಹುಟ್ಟುತ್ತಿರಲಿಲ್ಲ. ಮೇಲಿನಿಂದ ಕೀಬೋರ್ಡಿನ ಅದೇ ನಾಲ್ಕು ಸ್ವರ ಕೇಳಿ ಕೇಳಿ ವೀರಬಸಮ್ಮನಿಗೇ ಅಯ್ಯೋ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಒಡೀಲ್ ಕೆಳಗಿಳಿದು ಬಂದು ಬಾಗಿಲು ತಟ್ಟಿದಳು. ತೆಗೆದವಳು ಸೊಸೆ ಐಶ್ವರ್ಯಾ, ಮೈಸೂರಿನ ಹುಡುಗಿ, ಮನೆಯಿಂದಲೇ ಕೆಲಸ ಮಾಡುವವಳು. ಸದ್ದಿನ ಬಗ್ಗೆ ದೂರು ಹೇಳಲು ಬಂದಳೇನೋ ಎಂದು ಅವಳು ಸಾರಿ ಹೇಳಲು ಬಾಯಿ ತೆರೆದರೆ, ಒಡೀಲ್ ಕೇಳಿದ್ದು ಬೇರೆ.

"ಅತ್ತೆ, ನೀವು ದಿನಾ ಡ್ರಮ್ ಬಾರಿಸ್ತಿರೋದು ಯಾಕೆ ಅಂತ ಕೇಳ್ತಿದ್ದಾಳೆ," ಎಂದು ಐಶ್ವರ್ಯಾ ನಕ್ಕಳು.

ಡ್ರಮ್ಮೂ ಇಲ್ಲ ಗಿಮ್ಮೂ ಇಲ್ಲ, ಅದು ಜೋಳದ ರೊಟ್ಟಿ ಬಡಿಯುವ ಸದ್ದು. ಒಡೀಲ್ ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಆ ಕೈಯನ್ನೇ ನೋಡಿದಳು. ಬಡಿಯುತ್ತಾ ಬಡಿಯುತ್ತಾ ವೀರಬಸಮ್ಮ ಅಭ್ಯಾಸಬಲದಿಂದ ಏನೋ ಗುನುಗಿದಾಗ ಹುಡುಗಿಯ ಕಣ್ಣು ದೊಡ್ಡದಾಯಿತು. ಬೀಗರ ಪದ ಎಂದರೇನು ಎಂದು ಐಶ್ವರ್ಯಾ ಇಂಗ್ಲಿಷಿನಲ್ಲಿ ತಿಳಿಸಿದಳು. ಹೆಂಗಸರು ಎದುರೆದುರು ನಿಂತು ಹೆಸರು ಹಿಡಿದು ಬೈದು, ಆಮೇಲೆ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಾರೆ ಎನ್ನುವುದು ಒಡೀಲ್‌ಗೆ ನಂಬಲಾಗದ ಮಾತು. ತನ್ನ ತಾಯಿಯ ಜೊತೆ ಮಾತು ಬಿಟ್ಟು ಆರು ವರ್ಷವಾಯಿತು, ಇಂಥದ್ದೊಂದು ಪದ್ಧತಿ ನಮ್ಮಲ್ಲೂ ಇದ್ದಿದ್ದರೆ ಎಂದಳು. ಮರುವಾರ ಮೈಕು ತಂದಳು. ಅಜ್ಜಿ ಹಾಡಲಿ, ಚೆನ್ನಾಗಿ ಬಂದರೆ ಹೊಸ ಆಲ್ಬಮ್ಮಿನಲ್ಲಿ ಹಾಕಿಕೊಳ್ಳಲೇ ಎಂದು ಕೇಳಿಸಿದಳು. ಐಶ್ವರ್ಯಾ ಎಲ್ಲವನ್ನೂ ಸರಿಯಾಗಿಯೇ ಹೇಳಿದಳು, ವೀರಬಸಮ್ಮನೂ ಸರಿಯಾಗಿಯೇ ಕೇಳಿಸಿಕೊಂಡಳು.

"ಹಾಕ್ಕೋ ಹೇಳ. ನಂದೇನ ಹೋಗತೈತಿ," ಎಂದಳು.

ಮೊದಲು ಹೋಳಿಗೆಯ ಪದ, ಚಪ್ಪಲಿಯ ಪದ, ಎಲ್ಲ ಹಳೆಯವು. ಹೆಸರು ಬೇಕಲ್ಲ, ಎಲ್ಲದಕ್ಕೂ ಶಿವಕ್ಕನ ಹೆಸರನ್ನೇ ಹಾಕಿದಳು. ಈ ದೇಶದಲ್ಲಿ ಹಕ್ಕಿನ ಬೀಗತಿ ಅವಳೊಬ್ಬಳೇ ತಾನೆ? ಎಷ್ಟೋ ವರ್ಷದಿಂದ ಗಂಟಲಲ್ಲಿ ಕೂತಿದ್ದು ಹೊರಗೆ ಬರುತ್ತಿತ್ತು, ಮೈ ಹಗುರಾಗುತ್ತಿತ್ತು. ಹಾಗೇ ತುರುಬಿನ ಪದಕ್ಕೆ ಬಂದಳು. ಬಾಯಿ ತೆರೆದವಳು ಒಂದು ಗಳಿಗೆ ತಡೆದಳು. ಈಗ ಇದು ಖರೇ ಎಂಬುದು ಅವಳಿಗೆ ಗೊತ್ತಿತ್ತು. ಕೈಗೆ ಆ ಪಿನ್ನುಗಳ ನೆನಪೂ ಇತ್ತು. ಆದರೆ ಹಿಂದಿನ ಶುಕ್ರವಾರವಷ್ಟೇ ಮೊಮ್ಮಗ ಶಾಲೆಯ "ಗ್ರ್ಯಾಂಡ್‌ಪೇರೆಂಟ್ಸ್ ಡೇ"ಗೆ ಶಿವಕ್ಕನನ್ನು ಕರೆದುಕೊಂಡು ಹೋಗಿದ್ದ, ಇವಳಿಗೆ ಫೋಟೋ ಕಳಿಸಿದ್ದರು. ಫ್ರಾನ್ಸಿನವರಿಗೆ ಕನ್ನಡ ಎಲ್ಲಿ ಬರಬೇಕು, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡಳು. ದನಿ ಸ್ವಲ್ಪ ತಗ್ಗಿಸಿ, ಹಾಡಿಯೇ ಬಿಟ್ಟಳು.

ಬೇಸಿಗೆ ಮುಗಿಯುವಷ್ಟರಲ್ಲಿ ಒಡೀಲ್ ಮನೆ ಖಾಲಿ ಮಾಡಿಕೊಂಡು ಪ್ಯಾರಿಸ್‌ಗೆ ಹೋದಳು. ಮರುವರ್ಷ ಆಲ್ಬಮ್ಮು ಬಂತು. ಅದರ ಹೆಸರಿನ ಅರ್ಥ "ಮೆಲ್ಲಗೆ ಹೇಳಿದ್ದು" ಅಂತೆ. ಬಸವಪ್ರಸಾದ ಅಡುಗೆಮನೆಯ ಸ್ಪೀಕರಿನಲ್ಲಿ ಜೋರಾಗಿ ಹಾಕಿದ. ಮೊದಲು ರೊಟ್ಟಿ ಬಡಿಯುವ ಸದ್ದು, ಅದರ ಮೇಲೆ ಕೀಬೋರ್ಡು, ಒಡೀಲ್‌ಳ ಫ್ರೆಂಚು. ಆಮೇಲೆ ಎಲ್ಲ ವಾದ್ಯವೂ ನಿಂತು ವೀರಬಸಮ್ಮನ ದನಿಯೊಂದೇ ಉಳಿಯಿತು. ಸಂತ್ಯಾಗ ಕೊಂಡ ತುರುಬ. ಹೋಳಿಗೆ ಇರಲಿಲ್ಲ, ಚಪ್ಪಲಿ ಇರಲಿಲ್ಲ. ಅಷ್ಟು ಪದಗಳಲ್ಲಿ ಹುಡುಗಿ ಆರಿಸಿಕೊಂಡದ್ದು ಅದೊಂದನ್ನೇ, ಅದೂ ಪಲ್ಲವಿಯ ಹಾಗೆ ಮತ್ತೆ ಮತ್ತೆ ಬರುವಂತೆ. ಶಿವಕ್ಕನ ಹೆಸರು ಸ್ಪಷ್ಟವಾಗಿ ಕೇಳುತ್ತಿತ್ತು. ಮಗ ಕುಣಿಯುತ್ತಿದ್ದ. ಸದ್ದು ಸಣ್ಣ ಮಾಡು ಎಂದಳು ವೀರಬಸಮ್ಮ.

ಐಶ್ವರ್ಯಾ ಫೋನಿನಲ್ಲಿ ಒಡೀಲ್‌ಳ ಸಂದರ್ಶನ ಹುಡುಕಿ ತೆಗೆದು ಓದಿ ಹೇಳಿದಳು. "ಕೇಳಿ ಅತ್ತೆ, ನಿಮ್ಮ ಬಗ್ಗೇನೇ ಇದೆ. ‘ಆ ಅಜ್ಜಿಯ ಮಾತು ನನಗೆ ಒಂದೂ ಅರ್ಥವಾಗಲಿಲ್ಲ. ಆದರೆ ಒಂದು ಹಾಡಿಗೆ ಬಂದಾಗ ಅವರ ದನಿ ಬದಲಾಯಿತು, ಹೇಳಬಾರದ್ದನ್ನು ಹೇಳುವವರ ಥರ. ಆ ದನಿ ಕೇಳಿದ ದಿನವೇ ನನ್ನ ಎರಡನೇ ಆಲ್ಬಮ್ ಹುಟ್ಟಿತು. ಇಡೀ ಆಲ್ಬಮ್ಮನ್ನ ಆ ಒಂದು ದನಿಯ ಸುತ್ತ ಕಟ್ಟಿದ್ದೇನೆ.’ ಎಷ್ಟು ಚೆನ್ನಾಗಿ ಹೇಳಿದ್ದಾಳೆ ಅಲ್ವಾ?"

ಮಾತು ತಿಳಿಯದ ಆ ಹುಡುಗಿ ಪಾಪವನ್ನು ಕಿವಿಯಿಂದಲೇ ಹಿಡಿದುಬಿಟ್ಟಿದ್ದಳು. ವೀರಬಸಮ್ಮನಿಗೆ ನಾಚಿಕೆ ಎಂದರೆ ಏನು ಎಂದು ಅವತ್ತು ಗೊತ್ತಾಯಿತು. 

"ಅದನ್ನ ಅಳಸಾಕ ಬರತೈತೇನ?" ಎಂದು ಕೇಳಿದಳು.

"ಅಯ್ಯೋ ಅತ್ತೆ, ಲಕ್ಷಾಂತರ ಜನ ಕೇಳಾಯ್ತು!" ಎಂದು ಐಶ್ವರ್ಯಾ ಅವಳನ್ನು ತಬ್ಬಿಕೊಂಡಳು.

ಫ್ರಾನ್ಸಿನವರಿಗೆ ಕನ್ನಡ ಬರುವುದಿಲ್ಲ ಎಂದು ಲೆಕ್ಕ ಹಾಕಿದವಳು ಕನ್ನಡದವರ ಕೈಯಲ್ಲೆಲ್ಲ ಫೋನಿದೆ ಎಂಬುದನ್ನು ಮರೆತಿದ್ದಳು. ವಾಟ್ಸಾಪ್‌ನಲ್ಲಿ ಹಾಡು ಊರೂರು ಸುತ್ತಿತು. ರಾಮದುರ್ಗದಿಂದ ಕರೆ, ಕನ್ನಡ ಸಂಘದಿಂದ ಕರೆ. ಎಲ್ಲರಿಗೂ ಅದು ತಮಾಷೆಯ ಪದ, ಎಲ್ಲರೂ ಹೊಗಳುವವರೇ. ಖರೇ ಸಂಗತಿ ಗೊತ್ತಿದ್ದವರು ಜಗತ್ತಿನಲ್ಲಿ ಇಬ್ಬರೇ. ಆ ಇನ್ನೊಬ್ಬಳಿಂದ ಮಾತ್ರ ಫೋನು ಬರಲಿಲ್ಲ. ವಾರಕ್ಕೊಮ್ಮೆ ತಪ್ಪದೆ ಮಾತಾಡುತ್ತಿದ್ದ ಶಿವಕ್ಕ ಸುಮ್ಮನಾದಳು. ವೀರಬಸಮ್ಮ ಫೋನು ಕೈಗೆತ್ತಿಕೊಳ್ಳುವುದು, ಇಡುವುದು. ಏನೆಂದು ಹೇಳುವುದು? ತಪ್ಪಾಯಿತು ಎಂದರೆ, ಯಾವ ತಪ್ಪು ಎಂದು ಶಿವಕ್ಕನ ಪಕ್ಕದಲ್ಲಿರುವ ನಂದಾ ಕೇಳುತ್ತಾಳೆ. ಕ್ಷಮೆ ಕೇಳಿದರೂ ಗುಟ್ಟು ಒಡೆಯುತ್ತದೆ. ಹಾಗೆಂದು ಸುಮ್ಮನಿದ್ದರೆ ಶಿವಕ್ಕ ಮತ್ತೆ ತನ್ನ ಮುಂದೆ ಆ ಟವೆಲ್ಲು ತೆಗೆಯುವುದುಂಟೆ?

ಅಷ್ಟರಲ್ಲಿ ನಂದಾ ಶನಿವಾರ ಮಧ್ಯಾಹ್ನ ಹಿಕ್ಸ್‌ವಿಲ್‌ನ ಮನೆಯಲ್ಲಿ ಊಟ ಇಟ್ಟುಕೊಂಡಳು. ಅವ್ವನ ಹಾಡು ಅಮೆರಿಕ ಸುತ್ತಿ ಬಂದಿದೆ, ಪರಿಚಯದ ಹೆಂಗಸರನ್ನೆಲ್ಲ ಕರೆದಿದ್ದೇನೆ, ಅವ್ವ ಬಂದು ಎಲ್ಲರ ಎದುರಿಗೆ ಹಾಡಬೇಕು ಎಂದಳು. ಮದುವೆಯಲ್ಲಿ ಬೇಡವೆಂದ ಮಗಳಿಗೆ ಈಗ ಅದೇ ಬೇಕು. ವೀರಬಸಮ್ಮ ನೆಗಡಿ ಎಂದಳು, ಮಂಡಿನೋವು ಎಂದಳು. ನಡೆಯಲಿಲ್ಲ. ಐಶ್ವರ್ಯಾ ಕೈ ಹಿಡಿದು ರೈಲು ಹತ್ತಿಸಿದಳು. ಪೆನ್ ಸ್ಟೇಷನ್ನಿನಲ್ಲಿ ರೈಲು ಬದಲಾಯಿಸುವಾಗ ಈ ಜನಜಂಗುಳಿಯಲ್ಲಿ ಕಳೆದುಹೋದರೂ ಆದೀತು ಎಂದು ಅವಳಿಗೆ ಅನ್ನಿಸಿತು. ತೊಡೆಯ ಮೇಲೆ ರೊಟ್ಟಿಯ ಗಂಟು ಇಟ್ಟುಕೊಂಡು ಹಿಕ್ಸ್‌ವಿಲ್‌ ಬರುವವರೆಗೂ ಅದನ್ನು ಬಿಚ್ಚುತ್ತಾ ಕಟ್ಟುತ್ತಾ ಕೂತಳು.

ಬಾಗಿಲು ತೆಗೆದವಳು ಶಿವಕ್ಕ. ತಲೆಯ ಮೇಲೆ ಸೆರಗು ಬಿಗಿಯಾಗಿ ಹೊದ್ದಿದ್ದಳು.

"ಬರ್ರಿ ಬೀಗರ, ಬರ್ರಿ. ನಿಮ್ಮ ಹೆಸರ ಭಾಳ ದೊಡ್ಡದಾತು. ಛಲೋ ಹಾಡೀರಿ," ಎಂದು ನಕ್ಕು, ಕಾಲಿಗೆ ನೀರು ಕೊಡುವಂತೆ ಉಪಚಾರ ಮಾಡಿ ಕೂರಿಸಿದಳು. ಒಳಗೆ ಹೆಂಗಸರು ನೆರೆದಿದ್ದರು, ಸ್ಪೀಕರಿನಲ್ಲಿ ಅದೇ ಹಾಡು. "ಶಿವಕ್ಕಾ ಆಂಟಿ, ನೀವೀಗ ಪ್ಯಾರಿಸ್‌ನಲ್ಲೆಲ್ಲ ಫೇಮಸ್!" ಎಂದು ಜಾನ್ವಿ ಎಂಬ ಪಕ್ಕದ ಮನೆಯ ಹುಡುಗಿ ಕೂಗಿದಾಗ ಶಿವಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ನಗುತ್ತಾ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಅದನ್ನು ಕಂಡ ವೀರಬಸಮ್ಮ ಕೈಯಲ್ಲಿದ್ದ ಚಹಾ ಕೆಳಗಿಟ್ಟಳು. ಒಂದು ಬಿರುಸು ಮಾತು ಆಡಿದ್ದರೂ ತಡೆದುಕೊಳ್ಳಬಹುದಿತ್ತು.

ಸ್ವಲ್ಪ ಹೊತ್ತಿಗೆ ಶಿವಕ್ಕ ಎದ್ದು, ಬನ್ನಿ ಎಂದು ಕಣ್ಣಿನಲ್ಲೇ ಕರೆದಳು. ಅದೇ ಕೋಣೆ. ಚಿಲಕ ಹಾಕಿದಳು, ಮಂಚದ ತುದಿಯಲ್ಲಿ ಬೆನ್ನು ಮಾಡಿ ಕೂತಳು, ಸೆರಗು ಇಳಿಸಿದಳು. ಚೌರಿ ಒಂದು ಕಡೆ ವಾಲಿತ್ತು. ಭುಜದ ಮೇಲಿನಿಂದ ಹಿಂದಕ್ಕೆ ಕೈ ಚಾಚಿದಳು, ಅಂಗೈಯಲ್ಲಿ ಪಿನ್ನುಗಳಿದ್ದವು.

"ಹಾಕ್ರಿ. ಬೆಳಿಗ್ಗೆ ನಾನ ಹಾಕ್ಕೊಂಡೆ, ನಿಲ್ಲವಲ್ದು. ಎಲ್ಲಾರೂ ಇವತ್ತ ನನ್ನ ತುರುಬನ್ನ ನೋಡತಾರ."

ವೀರಬಸಮ್ಮ ಪಿನ್ನು ತೆಗೆದುಕೊಂಡಳು. ಒಂದು ಪಿನ್ನು ಕೆಳಗೆ ಬಿತ್ತು. "ನನ್ನ ನಾಲಿಗಿಗೆ ಬೆಂಕಿ ಬೀಳಲಿ ಶಿವಕ್ಕಾರ," ಎಂದಳು. "ಖರೇ ಅಂತ ಗೊತ್ತಿದ್ದ ಹಾಡಿದೆ. ಹೊಟ್ಟಿಕಿಚ್ಚಿಗೆ ಹಾಡಿದೆ."

 ಶಿವಕ್ಕ ಗೋಡೆಗೆ ಹೇಳುವವಳಂತೆ ಹೇಳಿದಳು. "ನಂದಾನ ಮದುವಿಗಂತ ಕಟ್ಟಿದ್ದ ಪದಾ ಅಲ್ಲೇನ ಇದು? ಕೇಳಿದ ಕೂಡಲೇ ತಿಳೀತು. ಅವತ್ತ ನನ್ನ ತಲಿ ತುಂಬ ಕೂದಲಿತ್ತು. ನೀವು ಹಾಡತೀರಿ ಅಂತ ಕಾಯಕೊಂತ ಕುಂತಿದ್ದೆ. ನಾನೂ ಒಂದು ಎದುರು ಪದಾ ಕಟಗೊಂಡು ಬಂದಿದ್ದೆ. ಅವತ್ತ ಹಾಡಿದ್ದರ ಎಷ್ಟ ನಗತಿದ್ದೆನೋ."

 ಬೀಗತಿಗೆ ಬೇಡವಾಗಿತ್ತು ಎಂದುಕೊಂಡು ವೀರಬಸಮ್ಮ ಇಷ್ಟು ವರ್ಷ ಸಾಕಿದ ಸಿಟ್ಟು ಯಾರ ಮೇಲೂ ಅಲ್ಲದ ಸಿಟ್ಟಾಗಿತ್ತು. ಕಣ್ಣು ಮಂಜಾಗಿ ಕಾಣದಿದ್ದರೂ ಬೆರಳಿಗೆ ದಾರಿ ಗೊತ್ತಿತ್ತು. ಒಂದೊಂದಾಗಿ ಪಿನ್ನು ಚುಚ್ಚಿದಳು. ತುರುಬು ಗಟ್ಟಿಯಾಗಿ ಕೂತಿತು. ಶಿವಕ್ಕ ಕೈಯಿಂದ ಒತ್ತಿ ನೋಡಿಕೊಂಡು, ಸೆರಗು ಹೊದೆಯದೆಯೇ ಬಾಗಿಲು ತೆಗೆದಳು.

ಹೊರಗೆ ಎಲ್ಲರೂ ಹಾಡಿ ಹಾಡಿ ಎಂದು ಗಲಾಟೆ ಎಬ್ಬಿಸಿದರು. ನಂದಾ ಅವ್ವನನ್ನು ನಡುವೆ ನಿಲ್ಲಿಸಿ ಫೋನಿನ ಕ್ಯಾಮೆರಾ ಹಿಡಿದಳು. ಶಿವಕ್ಕ ಎದುರಿನ ಸೋಫಾದಲ್ಲಿ ಕೂತಿದ್ದಳು. ವೀರಬಸಮ್ಮ ಬೀಗತಿ ಬಂದಾಳ ಎಂದು ಶುರು ಮಾಡಿದಳು, ಹೆಸರಿನ ಹತ್ತಿರ ಬಂದು ನಿಂತಳು. ಮತ್ತೆ ಶುರು ಮಾಡಿದಳು, ಮತ್ತೆ ನಿಂತಳು.  ನಾಚಿಕೊಂಡಿದ್ದಾರೆ ಎಂದು ಯಾರೋ ಚಪ್ಪಾಳೆ ತಟ್ಟಿದರು. ನಿಜವೇ, ನಾಚಿಕೆಯೇ ಅದು.

ಆಗ ಶಿವಕ್ಕ ಸೊಂಟಕ್ಕೆ ಸೆರಗು ಸಿಗಿಸಿಕೊಂಡು ಎದ್ದು ನಿಂತಳು. ಯಾವತ್ತೂ ಯಾರ ಮುಂದೂ ಹಾಡದ ಹೆಂಗಸು. ಮದುವೆಯ ದಿನದಿಂದ ಇಟ್ಟುಕೊಂಡಿದ್ದ ಎದುರು ಪದವನ್ನು ತೆಗೆದಳು.

ಬೀಗತಿ ಹಾಡ್ಯಾಳ ನೋಡ, ವೀರಬಸವ್ವ ಹಾಡ್ಯಾಳ ನೋಡ
ದನಿಯ ಕೇಳಿ ಓಣಿ ಬಂದೈತಿ
ಹಾಡ ಕೇಳೋ ಮಂದಿಯಲ್ಲ, ತಾಳ ಹಾಕೋ ಮಂದಿಯಲ್ಲ
ಕಳದ ಕತ್ತಿ ತಿರುಗಿ ಬಂದೈತಿ

ಮನೆ ಹಾರಿಹೋಗುವಂತೆ ಎಲ್ಲರೂ ನಕ್ಕರು. ಪ್ಯಾರಿಸ್ಸಿನವರು ತಲೆದೂಗಿದ ದನಿಗೆ ಕತ್ತೆ ಓಡಿಬಂತಂತೆ! ನಂದಾ ಕಣ್ಣೀರು ಒರೆಸಿಕೊಳ್ಳುತ್ತಾ ನಕ್ಕಳು. ವೀರಬಸಮ್ಮ ನಿಂತಲ್ಲೇ ತಲೆ ತಗ್ಗಿಸಿದಳು. ಆಡಿಕೊಳ್ಳಲಿಕ್ಕೆ ಶಿವಕ್ಕನ ಬಳಿ ಇವಳ ಎಷ್ಟು ಖರೇ ಸಂಗತಿಗಳಿರಲಿಲ್ಲ? ಅದೇ ಕೋಣೆಯಲ್ಲಿ, ಚಿಲಕ ಹಾಕಿಕೊಂಡು, ಮಗನ ಮೇಲಿನ ಮುನಿಸು, ಸೊಸೆಯ ಮೇಲಿನ ದೂರು, ತನ್ನ ಹೊಟ್ಟೆಯೊಳಗಿನದನ್ನೆಲ್ಲ ಇವಳೂ ಹೇಳಿಕೊಂಡಿದ್ದಳು. ಐಶ್ವರ್ಯಾ ಅಲ್ಲೇ ಕೂತಿದ್ದಳು. ಶಿವಕ್ಕ ಅದರಲ್ಲಿ ಒಂದನ್ನೂ ಮುಟ್ಟದೆ, ಸುಳ್ಳನ್ನೇ ಹಾಡಿದಳು.